ಸುಡದ ಇಟ್ಟಿಗೆ, ಬೆಳೆದ ತೊಗಲು: ಅಗರಖೇಡದ ಕೆಲವು ಟಿಪ್ಪಣಿಗಳು

1
ಅಗರಖೇಡ. ಇಂಡಿ ತಾಲೂಕು, ವಿಜಯಪುರ ಜಿಲ್ಲೆ. ಎರೆ ನೆಲ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ. ಬಿರುಕಿನೊಳಗೆ ಕೈ ಇಳಿಯುತ್ತದೆ. ಮಳೆ ಬಿದ್ದ ಮೇಲೆ ಅದೇ ನೆಲ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಜೋಳಕ್ಕೆ, ಕಡಲೆಗೆ, ತೊಗರಿಗೆ ಒಳ್ಳೆಯ ಮಣ್ಣು. ಇಟ್ಟಿಗೆಗೆ ಬಾರದು. ಗೋಡೆಗೂ ಬಾರದು.

2
ಗೋಡೆಗೆ ಬೇರೆ ಮಣ್ಣು ತರುತ್ತಾರೆ. ಹಾಳಮಣ್ಣು, ಅಂದರೆ ಬಿದ್ದ ಮನೆಯ ಮಣ್ಣು. ಒಂದು ಮನೆ ಬಿದ್ದಲ್ಲಿಂದ ಇನ್ನೊಂದು ಮನೆ ಏಳುತ್ತದೆ.

3
ಹೊಟ್ಟು, ಸೆಗಣಿ, ನೀರು ಹಾಕಿ ಮಣ್ಣು ತುಳಿಯುತ್ತಾರೆ. ತುಳಿದ ಕೂಡಲೇ ಗೋಡೆಗೆ ಏರಿಸುವುದಿಲ್ಲ. ಕೆಲವು ದಿನ ಹಾಗೇ ಬಿಡುತ್ತಾರೆ. ನೀರು ಚಿಮುಕಿಸುತ್ತಾರೆ, ಮತ್ತೆ ತುಳಿಯುತ್ತಾರೆ. ರಾಶಿಯಿಂದ ಹುಳಿ ವಾಸನೆ ಏಳುತ್ತದೆ.

"ಯಾಕ ಹಂಗ ಬಿಡ್ತೀರಿ ಅಜ್ಜಾ?"

"ಕೊಳೀಬೇಕಪ. ಕೊಳೀಲಾರದ ಮಣ್ಣು ಹಿಡಿಯಂಗಿಲ್ಲ."

"ಏನ ಹಿಡಿಯಂಗಿಲ್ಲರಿ?"

"ಒಂದನ್ನೊಂದು."

4
ಕೊಳೆಯುವುದು ಬ್ಯಾಕ್ಟೀರಿಯಾಗಳ ಕೆಲಸ. ಹೊಟ್ಟನ್ನು ಅವು ಒಡೆಯುತ್ತವೆ. ಅಂಟಿನಂಥ ವಸ್ತು ಹೊರಬರುತ್ತದೆ. ಜೇಡಿಯ ಕಣ ಕಣಕ್ಕೆ ಕೂಡುತ್ತದೆ. ಅಜ್ಜ ಬ್ಯಾಕ್ಟೀರಿಯಾದ ಹೆಸರು ಹೇಳಲಿಲ್ಲ. ಅದಕ್ಕೆ ಬೇಕಾದ ದಿನ ಎಷ್ಟು, ನೀರು ಎಷ್ಟು ಎಂಬುದು ಅವರಿಗೆ ಗೊತ್ತಿತ್ತು.

5
2020ರ ಆಗಸ್ಟ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ಸೇರಿ ಮಾಡಿದ ಒಂದು ಇಟ್ಟಿಗೆಯ ಸುದ್ದಿ ಬಂತು. ಚಂದ್ರನ ಮೇಲೆ ಕಟ್ಟಡ ಕಟ್ಟುವುದಕ್ಕಾಗಿ ಈ ಇಟ್ಟಿಗೆ. ತಂಡದಲ್ಲಿ ಸಂಸ್ಥೆಯ ಅಲೋಕ್ ಕುಮಾರ್, ಕೌಶಿಕ್ ವಿಶ್ವನಾಥನ್, ರಶ್ಮಿ ದೀಕ್ಷಿತ್. ಇಸ್ರೊದ ಅರ್ಜುನ್ ಡೇ, ಐ. ವೇಣುಗೋಪಾಲ್.

6
ಬೇಕಾದ ಸಾಮಾನು: ಚಂದ್ರನ ಮಣ್ಣನ್ನು ಹೋಲುವಂತೆ ಭೂಮಿಯಲ್ಲೇ ತಯಾರಿಸಿದ ಮಣ್ಣು. ಯೂರಿಯಾ. ಕ್ಯಾಲ್ಸಿಯಂ. ಬ್ಯಾಕ್ಟೀರಿಯಾ. ಗೌರ್ ಗಮ್. ಭಟ್ಟಿ ಇಲ್ಲ, ಉರುವಲು ಇಲ್ಲ.

7
ಗೌರ್ ಗಮ್ ಬರುವುದು ಚವಳಿಕಾಯಿಯ ಬೀಜದಿಂದ. ಬೆಂಗಳೂರಿನವರು ಗೋರಿಕಾಯಿ ಅನ್ನುತ್ತಾರೆ. ಇಂಡಿಯ ಸಂತೆಯಲ್ಲಿ ಗುಂಪೆ ಹಾಕಿ ಮಾರುತ್ತಾರೆ. ಎಳೆಯದನ್ನು ಪಲ್ಯಕ್ಕೆ ಆರಿಸುತ್ತಾರೆ. ನಾರು ಬಂದದ್ದನ್ನು ಪಕ್ಕಕ್ಕೆ ತಳ್ಳುತ್ತಾರೆ. ಅಂಟು ಇರುವುದು ಬಲಿತ ಬೀಜದಲ್ಲಿ.

8
ಯೂರಿಯಾ: 45 ಕಿಲೋ ಚೀಲ. ಖಾಲಿಯಾದ ಚೀಲಗಳನ್ನು ಬಿಚ್ಚಿ ಕೂಡಿಸಿ ಹೊಲಿದರೆ ಹಾಸು. ಅದರ ಮೇಲೆ ಜೋಳ ಒಣಗುತ್ತದೆ, ಮೆಣಸಿನಕಾಯಿ ಒಣಗುತ್ತದೆ.

9
ಹೊಲಕ್ಕೆ ಚೆಲ್ಲಿದ ಯೂರಿಯಾವನ್ನು ಬೆಳೆ ನೇರವಾಗಿ ತಿನ್ನುವುದು ಕಡಿಮೆ. ಮೊದಲು ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆಯುತ್ತವೆ. ಯೂರಿಯೇಸ್ ಎಂಬ ಕಿಣ್ವ ಆ ಕೆಲಸ ಮಾಡುತ್ತದೆ. ಒಡೆದಾಗ ಒಂದು ಕಡೆ ಅಮೋನಿಯಾ, ಇನ್ನೊಂದು ಕಡೆ ಕಾರ್ಬೊನೇಟ್. ದನದ ಮನೆಯಲ್ಲಿ ಬೆಳಿಗ್ಗೆ ಮೂಗಿಗೆ ಹತ್ತುವ ವಾಸನೆ ಈ ಅಮೋನಿಯಾದ್ದೇ.

10
ಕಾರ್ಬೊನೇಟ್ ಪಕ್ಕದಲ್ಲಿ ಕ್ಯಾಲ್ಸಿಯಂ ಸಿಕ್ಕರೆ ಎರಡೂ ಕೂಡಿ ಹರಳಾಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲು ಅದೇ. ಬೆಂಗಳೂರಿನ ಇಟ್ಟಿಗೆಯಲ್ಲಿ ಮಣ್ಣಿನ ಕಣಗಳನ್ನು ಹಿಡಿದಿಟ್ಟಿರುವುದು ಈ ಹರಳು.

11
ಹರಳು ಬ್ಯಾಕ್ಟೀರಿಯಾದ ಮೈಮೇಲೆಯೇ ಕಟ್ಟಲು ಶುರುವಾಗುತ್ತದೆ. ದಪ್ಪವಾದಂತೆ ಬ್ಯಾಕ್ಟೀರಿಯಾ ಅದರೊಳಗೆ ಹೂತುಹೋಗುತ್ತದೆ. ಇಟ್ಟಿಗೆ ಗಟ್ಟಿಯಾಗುವ ಹೊತ್ತಿಗೆ ಅದನ್ನು ಮಾಡಿದವು ಬಹುಪಾಲು ಸತ್ತಿರುತ್ತವೆ.

12
ಅಗರಖೇಡದ ಸುತ್ತಿನ ಎರೆ ಹೊಲದಲ್ಲಿ ಬಾವಿಯ ಅಂಚು, ಕಾಲುವೆಯ ಕೊರೆತ ನೋಡಬೇಕು. ಕಪ್ಪು ಮಣ್ಣಿನ ನಡುವೆ ಬಿಳಿ ಹರಳು. ಕಡಲೆಯಷ್ಟು, ಕೆಲವು ನಿಂಬೆಯಷ್ಟು. ಮೈ ಉರುಟು. ಉಗುರಿಗೆ ಸಿಗುವುದಿಲ್ಲ, ಕಲ್ಲಿಗೆ ಸಿಗುತ್ತದೆ.

13
ಒಂದು ಹರಳನ್ನು ಒಡೆದು ಒಳಮೈ ಮೇಲೆ ನಿಂಬೆ ಹಿಂಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಸಣ್ಣ ಗುಳ್ಳೆ ಸಾಲಾಗಿ ಎದ್ದವು. ಕಿವಿ ಹತ್ತಿರ ಇಟ್ಟರೆ ಚುಯ್ ಅನ್ನುವ ಸದ್ದು. ನಿಂಬೆ ಇಂಡಿಯದು, ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹರಳಿಗೆ ಅಂಥದ್ದೇನೂ ಇಲ್ಲ. ಅದೂ ಕ್ಯಾಲ್ಸಿಯಂ ಕಾರ್ಬೊನೇಟ್.

14
1973ರಲ್ಲಿ ಸ್ಪೇನಿನ ಮೂವರು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಸಾರ ಇಷ್ಟು: ಮಣ್ಣಿನ ಬ್ಯಾಕ್ಟೀರಿಯಾ ಸುಣ್ಣದ ಹರಳು ಕಟ್ಟುವುದು ವಿಶೇಷವಲ್ಲ, ಸಾಮಾನ್ಯ ಸಂಗತಿ. ತಕ್ಕ ಆಹಾರ ಕೊಟ್ಟರೆ ಬಹಳ ಬ್ಯಾಕ್ಟೀರಿಯಾಗಳು ಕಟ್ಟುತ್ತವೆ.

15
ಈ ಭಾಗದಲ್ಲಿ ಹಿಂದೆ ಇಂಥ ಹರಳನ್ನು ಆರಿಸಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಸುಣ್ಣಕ್ಕೆ ಉಸುಕು ಹಾಕಿ ಗಾಣದಲ್ಲಿ ಅರೆದರೆ ಗಚ್ಚು. ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವ ರೂಢಿಯೂ ಇತ್ತು.

16
ವಿಜಯಪುರದ ಗೋಳಗುಮ್ಮಟ. ಮುಹಮ್ಮದ್ ಆದಿಲ್ ಶಾಹನ ಗೋರಿ. ಅವನು ತೀರಿದ್ದು 1656ರಲ್ಲಿ. ಗುಮ್ಮಟದ ಹೊರ ಅಳತೆ ಅಡ್ಡಲಾಗಿ ಸುಮಾರು 44 ಮೀಟರ್. ಇಟ್ಟಿಗೆ ಮತ್ತು ಗಚ್ಚು.

17
ಗಚ್ಚು ಒಣಗಿ ಗಟ್ಟಿಯಾಗುವುದಿಲ್ಲ. ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ವರ್ಷಗಟ್ಟಲೆ ಎಳೆದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗುಮ್ಮಟದ ಗಚ್ಚು, ಎರೆ ಹೊಲದ ಹರಳು, ಚಂದ್ರನಿಗೆಂದು ಮಾಡಿದ ಇಟ್ಟಿಗೆಯ ಅಂಟು. ಮೂರೂ ಒಂದೇ ವಸ್ತು.

18
ಬೆಂಗಳೂರಿನ ತಂಡ ಆ ಇಟ್ಟಿಗೆಯನ್ನು ಲೇತ್ ಯಂತ್ರಕ್ಕೆ ಕಟ್ಟಿ ಕಡೆಯಿತು. ದುಂಡಗೆ, ಬಾಗಿದ ಅಂಚು ಬರುವಂತೆ. ಒಂದಕ್ಕೊಂದು ಕಚ್ಚಿ ಕೂರುವ ತುಂಡುಗಳನ್ನೂ ಹೀಗೆ ಮಾಡಬಹುದು, ಆಗ ನಡುವೆ ಬೇರೆ ಜೋಡಣೆ ಬೇಡ ಎಂಬ ಲೆಕ್ಕ. ಮಣ್ಣಿನ ಇಟ್ಟಿಗೆ ಲೇತಿನಲ್ಲಿ ತಿರುಗುವುದನ್ನು ಮನಸ್ಸಿನಲ್ಲಿ ತಂದುಕೊಳ್ಳಲು ನನಗೆ ಹೊತ್ತು ಹಿಡಿಯಿತು.

19
ಅರ್ಧ ಕಿಲೋಗಿಂತ ತುಸು ಕಡಿಮೆ ತೂಕದ ಸಾಮಾನು ಬಾಹ್ಯಾಕಾಶಕ್ಕೆ ಒಯ್ಯಲು ಸುಮಾರು 7.5 ಲಕ್ಷ ರೂಪಾಯಿ ಎಂದು ಆಗ ಸಂಸ್ಥೆ ಹೇಳಿತ್ತು. ಹಾಗಾಗಿ ಚಂದ್ರನ ಮಣ್ಣೇ ಬೇಕು. ಯೂರಿಯಾ ಮನುಷ್ಯರ ಮೂತ್ರದಿಂದ ಸಿಗುತ್ತದೆ.

20
ಮೊದಲು ಬಳಸಿದ ಬ್ಯಾಕ್ಟೀರಿಯಾ ಸ್ಪೋರೊಸಾರ್ಸಿನಾ ಪಾಶ್ಚುರಿ. ಕೊಂಡು ತರಬೇಕು. ಆಗ ಒಂದು ಸೀಸೆಗೆ 50,000 ರೂಪಾಯಿವರೆಗೆ ಇತ್ತು. ತಂಡದವರು ಬೆಂಗಳೂರಿನ ಮಣ್ಣನ್ನೇ ತಂದು ಹುಡುಕಿದರು. ಬ್ಯಾಸಿಲಸ್ ವೆಲೆಜೆನ್ಸಿಸ್ ಸಿಕ್ಕಿತು. ಅದೇ ಕೆಲಸ ಮಾಡುತ್ತದೆ. ಬೆಲೆ ಹತ್ತು ಪಟ್ಟು ಕಡಿಮೆ ಇತ್ತು.

21
ಬೆಂಗಳೂರಿನದು ಕೆಂಪು ಮಣ್ಣು.

22
2022ರಲ್ಲಿ ಮಂಗಳನ ಮಣ್ಣನ್ನು ಹೋಲುವ ಮಣ್ಣಿನ ಸರದಿ. ಆ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು. ಬ್ಯಾಕ್ಟೀರಿಯಾ ಮೊದಲು ಬೆಳೆಯಲೇ ಇಲ್ಲ. ನಿಕ್ಕೆಲ್ ಕ್ಲೋರೈಡ್ ಸೇರಿಸಿದ ಮೇಲೆ ಬೆಳೆಯಿತು. ಯೂರಿಯೇಸ್ ಕಿಣ್ವದ ನಡುವೆ ಇರುವ ಲೋಹವೂ ನಿಕ್ಕೆಲ್.

23
2025ರಲ್ಲಿ ಅದೇ ಪ್ರಯೋಗಾಲಯದವರು ಇನ್ನೊಂದು ಬಗೆಯ ಇಟ್ಟಿಗೆ ತೆಗೆದುಕೊಂಡರು. ಕಾಯಿಸಿ ಮಾಡಿದ್ದು, ಗಟ್ಟಿ, ಆದರೆ ಬಿರುಕು ಬಿಡುವಂಥದ್ದು. ಅದರಲ್ಲಿ ತೂತು, ಕಚ್ಚು ಮಾಡಿ ಬ್ಯಾಕ್ಟೀರಿಯಾ ಮತ್ತು ಗೌರ್ ಗಮ್ ಕಲಸಿದ ಮಣ್ಣಿನ ರಾಡಿ ತುಂಬಿದರು. ಕೆಲವು ದಿನದಲ್ಲಿ ಅದು ಹಿಡಿಯಿತು. ಹೋದ ಬಲದಲ್ಲಿ ಒಂದು ಭಾಗ ಮರಳಿ ಬಂತು.

24
ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಹೆಂಡ್ರಿಕ್ ಯೊಂಕರ್ಸ್ ಕಾಂಕ್ರೀಟಿನೊಳಗೆ ಬ್ಯಾಕ್ಟೀರಿಯಾದ ಬೀಜಕಗಳನ್ನು ಆಹಾರದ ಸಮೇತ ಹುದುಗಿಸಿಟ್ಟರು. ಅವು ಮಲಗಿರುತ್ತವೆ. ಕಾಂಕ್ರೀಟ್ ಬಿರಿದು ನೀರು ಒಳಗೆ ಹೋದಾಗ ಏಳುತ್ತವೆ. ಸುಣ್ಣ ಕಟ್ಟಿ ಬಿರುಕು ಮುಚ್ಚುತ್ತವೆ.

25
ಅಮೆರಿಕದ ಕೊಲರಾಡೊದಲ್ಲಿ 2020ರ ಜನವರಿಯಲ್ಲಿ ತೋರಿಸಿದ ಇಟ್ಟಿಗೆಯಲ್ಲಿ ಬ್ಯಾಕ್ಟೀರಿಯಾ ಜೀವಂತ. ಉಸುಕು, ಜೆಲಟಿನ್, ಬಿಸಿಲು ಬೇಕಾದ ನೀಲಿಹಸಿರು ಬ್ಯಾಕ್ಟೀರಿಯಾ. ಇಟ್ಟಿಗೆಯನ್ನು ಅರ್ಧಕ್ಕೆ ಒಡೆದು ಮತ್ತೆ ಉಸುಕು, ಆಹಾರ ಕೊಟ್ಟರೆ ಎರಡೂ ಅರ್ಧ ಪೂರ್ತಿಯಾಗುತ್ತವೆ. ಮೂರು ತಲೆಮಾರಿಗೆ ಒಂದರಿಂದ ಎಂಟು.

26
ಇಟ್ಟಿಗೆಗೂ ತಲೆಮಾರು.

27
2020ರ ಅಕ್ಟೋಬರ್. ಚಂದ್ರನ ಇಟ್ಟಿಗೆಯ ಸುದ್ದಿ ಬಂದು ಎರಡು ತಿಂಗಳು. ಮೇಲಿನ ಮಳೆ, ಉಜನಿ ಜಲಾಶಯದಿಂದ ಬಿಟ್ಟ ನೀರು ಸೇರಿ ಭೀಮಾ ನದಿ ಉಕ್ಕಿತು. ಇಂಡಿ, ಸಿಂದಗಿ, ಅಫಜಲಪುರ ತಾಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. ಮಣ್ಣಿನ ಮನೆಗಳು ಬಿದ್ದವು.

28
ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬುಡದಿಂದ ಕರಗುತ್ತದೆ. ಮೇಲಿನದು ಗಟ್ಟಿಯಾಗಿಯೇ ಇರುತ್ತದೆ. ಬುಡ ಹೋದ ಮೇಲೆ ಒಮ್ಮೆಗೇ ಕೂರುತ್ತದೆ. ನೀರು ಇಳಿದ ಮೇಲೆ ಗೋಡೆ ಇದ್ದಲ್ಲಿ ಹಾಳಮಣ್ಣು.

29
ಇಲ್ಲಿಯವರೆಗಿನ ಬ್ಯಾಕ್ಟೀರಿಯಾಗಳು ಮನುಷ್ಯ ತಿದ್ದಿದವಲ್ಲ. ಇದ್ದವನ್ನೇ ಕೆಲಸಕ್ಕೆ ಹಚ್ಚಿದ್ದು. ಇನ್ನು ಮುಂದಿನವುಗಳಲ್ಲಿ ಕೆಲವು ತಿದ್ದಿದವು.

30
2009. ಬೆಂಗಳೂರಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ಅಮೆರಿಕದ ಎಂಐಟಿಯಲ್ಲಿ ನಡೆದ ಐಜೆಮ್ ಸ್ಪರ್ಧೆಗೆ ಹೋದರು. ಜೀನ್ ಜೋಡಿಸಿ ಹೊಸ ಬಗೆಯ ಬ್ಯಾಕ್ಟೀರಿಯಾ ಮಾಡುವ ಸ್ಪರ್ಧೆ. ಉಳಿದ ತಂಡಗಳಲ್ಲಿ ಹೆಚ್ಚಿನವರು ಜೀವವಿಜ್ಞಾನ, ಎಂಜಿನಿಯರಿಂಗ್ ಓದುವವರು. ಇವರು ಚಿತ್ರ, ವಿನ್ಯಾಸ ಕಲಿಯುವವರು. ಜೊತೆಗಿದ್ದವರು ಕಲಾವಿದ ಯಶಸ್ ಶೆಟ್ಟಿ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮುಕುಂದ್ ತಟ್ಟೈ.

31
ಅವರು ತಿದ್ದಿದ್ದು ಇ. ಕೊಲೈ ಎಂಬ ಬ್ಯಾಕ್ಟೀರಿಯಾವನ್ನು. ಅದು ನಮ್ಮ ಕರುಳಿನಲ್ಲಿರುವ ಜೀವಿ. ತಿದ್ದಿದ ಮೇಲೆ ಅದು ಮೊದಲ ಮಳೆಯ ವಾಸನೆ ಕೊಡಬೇಕು. ಅದೇ ಅವರ ಕೆಲಸ.

32
ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯಲ್ಲಿ ದೊಡ್ಡ ಪಾಲು ಜಿಯೋಸ್ಮಿನ್. ಅದನ್ನು ಮಾಡುವುದು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳು. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯರ ಮೂಗಿಗೆ ತಿಳಿಯುತ್ತದೆ. ಇಷ್ಟು ಸೂಕ್ಷ್ಮವಾಗಿ ನಾವು ಮೂಸಬಲ್ಲ ವಸ್ತುಗಳು ಬಹಳ ಇಲ್ಲ.

33
ನಮಗೇಕೆ ಇದು ಇಷ್ಟು ತಿಳಿಯಬೇಕು? ಮಣ್ಣಿನಲ್ಲಿರುವ ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಜೀವಿಗಳ ವಿಷಯದಲ್ಲಿ ಉತ್ತರ ಇದೆ: ಅವು ವಾಸನೆ ಹಿಡಿದು ಬರುತ್ತವೆ, ಬ್ಯಾಕ್ಟೀರಿಯಾವನ್ನು ತಿನ್ನುತ್ತವೆ, ಅದರ ಬೀಜಕಗಳನ್ನು ಮೈಗೆ ಹತ್ತಿಸಿಕೊಂಡು ಹೋಗುತ್ತವೆ. 2020ರಲ್ಲಿ ಪ್ರಕಟವಾದ ಸಂಗತಿ.

34
ಅಗರಖೇಡ. ಮುಂಗಾರಿಗೆ ಮೊದಲು, ಮೋಡ ಇಲ್ಲದ ಸಂಜೆ. ಕಟ್ಟೆಯ ಮೇಲೆ ಕೂತ ಆಯಿ ಮುಖ ಎತ್ತಿ "ಎಲ್ಲ್ಯೋ ಆಗ್ಯಾದ ನೋಡ" ಅಂದಳು. ಊರಿನಲ್ಲಿ ಹನಿ ಬಿದ್ದಿರಲಿಲ್ಲ. ಗಾಳಿ ಪಡುವಣದಿಂದ ಬರುತ್ತಿತ್ತು.

35
ಉತ್ತರಪ್ರದೇಶದ ಕನೌಜಿನಲ್ಲಿ ಒಣ ಮಣ್ಣಿನ ಹೆಂಟೆಯನ್ನು ತಾಮ್ರದ ಪಾತ್ರೆಯಲ್ಲಿ ಭಟ್ಟಿ ಇಳಿಸಿ ಇದೇ ವಾಸನೆಯ ಅತ್ತರು ತೆಗೆಯುತ್ತಾರೆ. ಹಳೆಯ ಕಸುಬು. ಬೆಂಗಳೂರಿನ ವಿದ್ಯಾರ್ಥಿಗಳು ಸೀಸೆಯಲ್ಲಿ ತೆಗೆದದ್ದಕ್ಕೆ ಮಣ್ಣು ಬೇಕಾಗಲಿಲ್ಲ.

36
ತೊಗಲು. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಿಕೆ ಎಂಟು ಜಿಲ್ಲೆಗಳಿಗೆ ಸೇರಿದ್ದು. ನಾಲ್ಕು ಮಹಾರಾಷ್ಟ್ರದವು, ನಾಲ್ಕು ಕರ್ನಾಟಕದವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹದ ಮಾಡಲು ಜಾಲಿಯ ತೊಗಟೆ, ಅಳಲೆಕಾಯಿ. ಹದ ಬರಲು ವಾರಗಳು ಬೇಕು.

37
ಅಳಲೆಕಾಯಿ ಗಚ್ಚಿನಲ್ಲೂ ಇತ್ತು.

38
ಸಿಹಿ ನೀರು ಹುಳಿಯಾಗುವಾಗ ಮೇಲೆ ಒಂದು ಪೊರೆ ಕಟ್ಟುವುದುಂಟು. ಬೆರಳಿಂದ ಎತ್ತಿದರೆ ಇಡಿಯಾಗಿ ಬರುತ್ತದೆ. 1886ರಲ್ಲಿ ಇಂಗ್ಲೆಂಡಿನ ಎ.ಜೆ. ಬ್ರೌನ್ ಇದು ಸೆಲ್ಯುಲೋಸ್ ಎಂದು ಕಂಡರು. ಹತ್ತಿಯಲ್ಲಿ ಇರುವುದೂ ಸೆಲ್ಯುಲೋಸ್. ಹತ್ತಿಗೆ ಗಿಡ ಬೇಕು, ಇದಕ್ಕೆ ಗಿಡ ಬೇಡ. ಸಕ್ಕರೆ ನೀರಿನಲ್ಲಿ ಬ್ಯಾಕ್ಟೀರಿಯಾ ನೇಯುತ್ತದೆ.

39
1989ರಲ್ಲಿ ಸೋನಿ ಕಂಪನಿ ತಂದ ಬೆಲೆಬಾಳುವ ಹೆಡ್‌ಫೋನಿನಲ್ಲಿ ಸದ್ದು ಹುಟ್ಟಿಸುವ ತೆಳು ಪರದೆ ಈ ಸೆಲ್ಯುಲೋಸಿನದೇ.

40
ಕೇರಳದಲ್ಲಿ 'ಮಲೈ' ಎಂಬ ಸಂಸ್ಥೆ ತೆಂಗಿನ ಕಾಯಿಯಿಂದ ಉಳಿದ ನೀರಿನಲ್ಲಿ ಈ ಪೊರೆ ಬೆಳೆಸಿ, ನಾರು ಸೇರಿಸಿ, ತೊಗಲಿನಂಥ ಹಾಳೆ ಮಾಡುತ್ತದೆ. ಭೀಮೆಯ ಸೀಮೆಯಲ್ಲಿ ತೆಂಗು ಕಡಿಮೆ. ಕಬ್ಬು ಬಹಳ.

41
2024ರ ಏಪ್ರಿಲ್. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಟಾಮ್ ಎಲ್ಲಿಸ್ ಅವರ ತಂಡ ಈ ಪೊರೆ ನೇಯುವ ಬ್ಯಾಕ್ಟೀರಿಯಾದ ಜೀನ್ ತಿದ್ದಿತು. ಬೂಟಿನ ಆಕಾರದ ಪಾತ್ರೆಯಲ್ಲಿ 14 ದಿನ ಬೆಳೆಸಿದರು. ಬೂಟಿನ ಮೇಲ್ಭಾಗ ಬೆಳೆದು ಬಂತು. ಆಮೇಲೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ದಿನ ಮೆಲ್ಲಗೆ ಅಲುಗಾಡಿಸಿದರು. ಬ್ಯಾಕ್ಟೀರಿಯಾ ತನ್ನೊಳಗಿಂದಲೇ ಬಣ್ಣ ಬಿಟ್ಟು ಪೊರೆಯನ್ನು ಕಪ್ಪು ಮಾಡಿತು.

42
ಆ ಕಪ್ಪು ಮೆಲನಿನ್. ನಮ್ಮ ಕೂದಲಿನದು, ಚರ್ಮದ್ದು.

43
ಅದೇ ತಂಡ ಇನ್ನೊಂದು ಬ್ಯಾಕ್ಟೀರಿಯಾ ಮಾಡಿತು. ನೀಲಿ ಬೆಳಕು ಬಿದ್ದಲ್ಲಿ ಮಾತ್ರ ಬಣ್ಣ ಬಿಡುವಂಥದ್ದು. ಬೆಳೆಯುವ ಪೊರೆಯ ಮೇಲೆ ಬೆಳಕಿನ ಚಿತ್ರ ಬೀಳಿಸಿದರೆ ಚಿತ್ರ ಪೊರೆಯಲ್ಲಿ ಮೂಡುತ್ತದೆ. ಅಚ್ಚು ಬೇಡ, ಕುಂಚ ಬೇಡ.

44
ಬೂಟು ಹಾಕುವವರ ಕಾಲಿಗೆ ಬ್ಯಾಕ್ಟೀರಿಯಾ ಹತ್ತುತ್ತದೆಯೇ ಎಂದು ಕೇಳುವವರು ಇದ್ದಾರೆ. ಇಂಥ ಪೊರೆಯನ್ನು ಬಳಕೆಗೆ ಮೊದಲು ತೊಳೆದು ಒಳಗಿನ ಜೀವಿಗಳನ್ನು ಕೊಲ್ಲುತ್ತಾರೆ. ಉಳಿಯುವುದು ನೇಯ್ಗೆ.

45
ಬಣ್ಣ. ನೀಲಿಯ ಹಳೆಯ ಬಾನಿಯಲ್ಲಿ ನೀಲಿ, ಸುಣ್ಣ, ಬೆಲ್ಲ, ತಗಚಿ ಬೀಜ ಹಾಕಿ ಹುದುಗಿಸುತ್ತಾರೆ. ನೀಲಿ ನೀರಿನಲ್ಲಿ ಕರಗದು. ಬಾನಿಯ ಬ್ಯಾಕ್ಟೀರಿಯಾಗಳು ಅದನ್ನು ಕರಗುವ ರೂಪಕ್ಕೆ ತರುತ್ತವೆ. ನೂಲು ಹೊರಬಂದಾಗ ಹಸಿರು ಹಳದಿ. ಗಾಳಿ ಸೋಕಿದ ಮೇಲೆ ನೀಲಿ.

46
ಸುಣ್ಣ, ಬೆಲ್ಲ. ಮತ್ತೆ.

47
1983ರಲ್ಲಿ ಅಮೆರಿಕದ ಬರ್ಟ್ ಎನ್ಸ್ಲಿ ಮತ್ತು ಜೊತೆಗಾರರು ನ್ಯಾಫ್ತಲೀನ್ ಒಡೆಯುವ ಜೀನನ್ನು ಒಂದು ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದು ಇ. ಕೊಲೈಗೆ ಹಾಕಿದರು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ನೀಲಿಯಾಯಿತು. ಪರೀಕ್ಷಿಸಿದರೆ ಗಿಡದ ನೀಲಿಯೇ. ಅವರು ನೀಲಿಗಾಗಿ ಆ ಜೀನ್ ಹಾಕಿರಲಿಲ್ಲ.

48
ನ್ಯಾಫ್ತಲೀನ್ ಎಂದರೆ ಡಾಂಬರ ಗುಳಿಗೆ. ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಗಳ ನಡುವೆ ಇಡುವುದು.

49
ಪ್ಲಾಸ್ಟಿಕ್. ಊಟ ಹೆಚ್ಚಾಗಿ ಸಾರಜನಕ ಕಡಿಮೆಯಾದಾಗ ಕೆಲವು ಬ್ಯಾಕ್ಟೀರಿಯಾಗಳು ಮೈಯೊಳಗೆ ಒಂದು ವಸ್ತು ಕೂಡಿಡುತ್ತವೆ, ನಾವು ಕೊಬ್ಬು ಕೂಡಿಟ್ಟ ಹಾಗೆ. 1926ರಲ್ಲಿ ಪ್ಯಾರಿಸ್ಸಿನ ಮೊರಿಸ್ ಲೆಮೋನ್ಯ ಅದನ್ನು ಗುರುತಿಸಿದರು. ಅದು ಪ್ಲಾಸ್ಟಿಕ್ಕಿನಂತೆ ಬಾಗುತ್ತದೆ, ಅಚ್ಚಿಗೆ ಕೂರುತ್ತದೆ. ಮಣ್ಣಿಗೆ ಬಿದ್ದರೆ ಬೇರೆ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ.

50
1988ರಲ್ಲಿ ಆ ವಸ್ತು ಮಾಡುವ ಜೀನ್‌ಗಳೂ ಇ. ಕೊಲೈಗೆ ಹೋದವು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಈ ವಸ್ತುವಿನ ಮೇಲೆ ಕೆಲಸ ನಡೆದಿದೆ. ಬ್ಯಾಕ್ಟೀರಿಯಾಕ್ಕೆ ಕೊಡಬಹುದಾದ ಅಗ್ಗದ ಊಟಗಳಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಕಾಕಂಬಿ.

51
ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ದಾರಿ ಬದಿಯ ಜಾಲಿ ಮುಳ್ಳಿಗೆ ಸಿಕ್ಕ ಚೀಲಗಳು ಈಗಲೂ ಗಾಳಿಗೆ ಸದ್ದು ಮಾಡುತ್ತವೆ.

52
ತಿದ್ದಿದ ಜೀವಿ ದೂರದ ಮಾತಲ್ಲ. ಹತ್ತಿಯ ಹೊಲದಲ್ಲಿರುವುದು ಬಿಟಿ. ಅದರ ಜೀನ್ ಬಂದದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ. ನಮ್ಮ ದೇಶದಲ್ಲಿ ಅನುಮತಿ 2002ರಲ್ಲಿ. ಸಕ್ಕರೆ ಕಾಯಿಲೆಯವರ ಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇರುವ ಇನ್ಸುಲಿನ್ ಸೀಸೆ: ಅದನ್ನು ಮಾಡುವುದು ತಿದ್ದಿದ ಬ್ಯಾಕ್ಟೀರಿಯಾ ಅಥವಾ ತಿದ್ದಿದ ಈಸ್ಟ್. ಬೆಂಗಳೂರಿನ ಬಯೋಕಾನ್ 2004ರಲ್ಲಿ ತಂದದ್ದು ಈಸ್ಟಿನಿಂದ.

53
ತಿದ್ದಿದ ಜೀವಿಯನ್ನು ಹೊಲಕ್ಕೆ, ಹೊಳೆಗೆ ಬಿಡಬೇಕಾದರೆ ಸರ್ಕಾರದ ಅನುಮತಿ ಬೇಕು. ಪರಿಸರ ಸಂರಕ್ಷಣಾ ಕಾಯಿದೆಯ ಅಡಿ 1989ರಲ್ಲಿ ಮಾಡಿದ ನಿಯಮ. ಬೂಟು, ನೀಲಿ, ಮಳೆ ವಾಸನೆ ಎಲ್ಲವೂ ಮುಚ್ಚಿದ ಪಾತ್ರೆಯಲ್ಲಿ ಬೆಳೆದವು. ಪಾತ್ರೆ ಮುಚ್ಚಿರುವುದು ಮುಖ್ಯ ಎಂದು ನನಗೆ ಅನಿಸುತ್ತದೆ. ಗೋಡೆಗೆ ಮುಚ್ಚಳ ಇಲ್ಲ. ಗೋಡೆಯ ಕೆಲಸಕ್ಕೆ ಮಣ್ಣಿನಲ್ಲೇ ಇದ್ದ ಬ್ಯಾಕ್ಟೀರಿಯಾ ಒಳ್ಳೆಯದು.

54
ಅದರಲ್ಲೂ ಒಂದು ತೊಡಕು. ಯೂರಿಯಾ ಒಡೆದು ಇಟ್ಟಿಗೆ ಕಟ್ಟಿದಾಗ ಅಮೋನಿಯಾ ಉಳಿಯುತ್ತದೆ. ಅದನ್ನು ಚರಂಡಿಗೆ ಬಿಟ್ಟರೆ ಬಾವಿಗೆ, ಹೊಳೆಗೆ ಕೇಡು. ಹಿಡಿದಿಟ್ಟರೆ ಬೆಳೆಗೆ ಗೊಬ್ಬರ. ಹಿಡಿದಿಡುವ ದಾರಿ ಇಟ್ಟಿಗೆಯ ಜೊತೆಗೇ ಬರಬೇಕು.

55
ತೊಗರಿ ಬಿತ್ತುವ ಮೊದಲು ಕೆಲವರು ಬೀಜೋಪಚಾರ ಮಾಡುತ್ತಾರೆ. ರೈಜೋಬಿಯಂ ಪೊಟ್ಟಣ. ಒಳಗೆ ಕಪ್ಪು ಪುಡಿ, ಪುಡಿಯಲ್ಲಿ ಜೀವಂತ ಬ್ಯಾಕ್ಟೀರಿಯಾ. ಬೆಲ್ಲದ ನೀರು ಕಾಯಿಸಿ ಆರಿಸಿ ಬೀಜಕ್ಕೆ ಸವರುತ್ತಾರೆ, ಮೇಲೆ ಪುಡಿ ಉದುರಿಸಿ ಹೊರಳಿಸುತ್ತಾರೆ. ಬೀಜ ಕಪ್ಪಾಗುತ್ತದೆ. ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಅವು ಸಾಯುತ್ತವೆ. ಪೊಟ್ಟಣದ ಮೇಲೆ ಅವಧಿ ಮುಗಿಯುವ ದಿನ ಅಚ್ಚಾಗಿರುತ್ತದೆ. ಹೆಣ್ಣುಮಕ್ಕಳು ಮೊದಲು ಅದನ್ನೇ ಓದಿಸುತ್ತಾರೆ.

56
ಹಾಗಾಗಿ ಬ್ಯಾಕ್ಟೀರಿಯಾವನ್ನು ಜೀವಂತ ಇಟ್ಟು ಕೆಲಸ ತೆಗೆಯುವುದು ಇಲ್ಲಿ ಗೊತ್ತಿರುವ ವಿದ್ಯೆ. ನೆರಳು, ಬೆಲ್ಲ, ಹೊತ್ತು.

57
ಒಂದು ಪಟ್ಟಿ. ಅಗರಖೇಡದ ಸುತ್ತ ಸಿಗುವವು: ಸುಣ್ಣದ ಹರಳು. ಯೂರಿಯಾ. ಚವಳಿಕಾಯಿ ಬೀಜ. ಬೆಲ್ಲ. ಹಾಳಮಣ್ಣು. ದನದ ಮೂತ್ರ. ಮಣ್ಣು ಕೊಳೆಯಿಸಿ ಗೋಡೆ ಏರಿಸಬಲ್ಲ ಕೆಲವರು, ಎಲ್ಲರೂ ವಯಸ್ಸಾದವರು.

58
ಪಟ್ಟಿಯಲ್ಲಿ ಇಲ್ಲದ್ದು: ಇಲ್ಲಿಯ ಮಣ್ಣಿನ ಬ್ಯಾಕ್ಟೀರಿಯಾದ ಹೆಸರು.

59
ಮಣ್ಣು ಪರೀಕ್ಷೆ ಆಗುತ್ತದೆ. 2015ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ರೈತರಿಗೆ ಮಣ್ಣು ಆರೋಗ್ಯ ಚೀಟಿ ಕೊಡುತ್ತಾರೆ. ಅದರಲ್ಲಿ 12 ಅಂಶಗಳು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ರಸಸಾರ, ಲವಣಾಂಶ, ಸಾವಯವ ಇಂಗಾಲ. ಬ್ಯಾಕ್ಟೀರಿಯಾಕ್ಕೆ ಅಲ್ಲಿ ಸಾಲಿಲ್ಲ.

60
ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ವಿಜಯಪುರದ ಹಿಟ್ನಳ್ಳಿಯಲ್ಲಿ ಕೃಷಿ ಕಾಲೇಜು ಇದೆ. ಹರಳಿರುವ ಹೊಲದಿಂದ ಒಂದು ಹಿಡಿ ಎರೆ ಮಣ್ಣು, ಕೊಳೆಸಿದ ಗೋಡೆ ಮಣ್ಣಿನ ಒಂದು ಹಿಡಿ ತೆಗೆದುಕೊಂಡು ಅದರಲ್ಲಿ ಯೂರಿಯಾ ಒಡೆದು ಸುಣ್ಣ ಕಟ್ಟುವ ಬ್ಯಾಕ್ಟೀರಿಯಾ ಯಾವುದಿದೆ ಎಂದು ನೋಡುವುದು ಕಾಲೇಜಿನ ಒಂದು ಪ್ರಾಜೆಕ್ಟಿಗೆ ಸಾಕಾಗುವ ಕೆಲಸ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಹುಡುಕಿದವರಿಗೆ ಸಿಕ್ಕಿದೆ. ಭೀಮೆಯ ಸೀಮೆಯ ಮಣ್ಣಿನಲ್ಲೂ ಹುಡುಕಬೇಕು. ಚೀಟಿಯಲ್ಲಿ ಹದಿಮೂರನೆಯ ಸಾಲು ಬರೆಯಬೇಕು.